ಹವಾನಿಯಂತ್ರಣ ಯಂತ್ರದಲ್ಲಿ ನೀರು ಸೋರುವುದೇಕೆ?



ಮೂವತ್ತು ವರ್ಷಗಳ ಹಿಂದೆ ಹವಾನಿಯಂತ್ರಣ ಯಂತ್ರವೊಂದನ್ನು ಕಣ್ಣಿನಿಂದ ಕಾಣಬೇಕಾದರೆ ನಮ್ಮ ಹಳ್ಳಿಯವರು ಕಾಸರಗೋಡು ಪೇಟೆಗೋ ಮಂಗಳೂರಿಗೋ ಹೋಗಬೇಕಾಗಿತ್ತು. ಇಂದು ಹಾಗಲ್ಲ. ಕೊಲ್ಲಿಯ ದೇಶಗಳಲ್ಲಿ ದುಡಿಯುವ ಮಕ್ಕಳು ಊರಿನಲ್ಲಿರುವ ವಯಸ್ಸಾದ ತಂದೆತಾಯಿಗಳ ಕೋಣೆಗೆ ಅದನ್ನು ಹಾಕಿಸಿಕೊಡುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ಹಸುಗೂಸು ಇರುವ ಮನೆಯವರು ಸಾಲ ಮಾಡಿಯಾದರೂ ಕೊಳ್ಳುತ್ತಾರೆ. ಯಂತ್ರವು ಮನೆಯೊಳಗೆ ಬಂದಿತು. ಆದರೆ ಯಂತ್ರದ ತಿಳಿವಳಿಕೆಯು ಅಷ್ಟೇ ಬೇಗ ಬರಲಿಲ್ಲ. ಆದುದರಿಂದಲೇ ಅದರಿಂದ ಒಂದು ಹನಿ ನೀರು ನೆಲಕ್ಕೆ ಬಿದ್ದರೂ ನಾವು ಗಾಬರಿಗೊಳ್ಳುತ್ತೇವೆ; ಅಥವಾ, ಅದಕ್ಕಿಂತಲೂ ಕೆಟ್ಟದಾಗಿ, ಕೆಳಗೊಂದು ಬಾಲ್ದಿ ಇಟ್ಟು ಸುಮ್ಮನಾಗುತ್ತೇವೆ.

ನಾನೂ ಹಾಗೆ ಸುಮ್ಮನಾದವನೇ. ಅದರ ಬೆಲೆಯನ್ನು ನಮ್ಮ ಶಾಲೆ ತೆತ್ತಿತು. ಹಳೆಯ ವಿದ್ಯಾರ್ಥಿಗಳು ದಾನವಾಗಿ ಕೊಟ್ಟ ಯಂತ್ರವು ನಮ್ಮ ಕಂಪ್ಯೂಟರ್ ಕೊಠಡಿಯ ಗೋಡೆಯ ಮೇಲೆ ಇದೆ. ಅದರ ನೇರ ಕೆಳಗೆ ಒಂದು ಹಳೆಯ ಮರದ ಕಪಾಟು ಇತ್ತು. ಆ ಕಪಾಟಿನಲ್ಲಿ ನಮ್ಮ ಶಾಲೆಯ ಮಕ್ಕಳು ಹಿಂದಿನ ಕಾಲದಲ್ಲಿ ಶಾಯಿಯಲ್ಲಿ ಅದ್ದಿದ ಲೇಖನಿಯಿಂದ ಬರೆದ ಕೈಬರಹದ ಪತ್ರಿಕೆಯ ಸಂಪುಟಗಳನ್ನು ಇರಿಸಿದ್ದೆವು. ಕಳೆದ ಮಳೆಗಾಲದ ಮೊದಲಲ್ಲಿ ಗೋಡೆಯ ಮೇಲೆ ತೆಳ್ಳಗಿನ ಒಂದು ತೇವದ ಗೆರೆ ಕಂಡಿತು. ಮಳೆಯ ತೇವವಿರಬೇಕೆಂದು ನಾನು ಬಗೆದೆ. ಹದಿನೈದು ದಿನಗಳ ಬಳಿಕ ಕಪಾಟನ್ನು ತೆರೆದಾಗ 1961ನೆಯ ಇಸವಿಯ ಸಂಪುಟವು ನೆನೆದು ಮುದ್ದೆಯಾಗಿತ್ತು. ಪುಟಗಳನ್ನು ಒಂದೊಂದಾಗಿ ಬಿಡಿಸಿ ಫ್ಯಾನಿನ ಗಾಳಿಗೆ ಒಣಗಿಸಿದೆವು. ಕಾಗದ ಉಳಿಯಿತು, ಇಪ್ಪತ್ತನಾಲ್ಕು ಪುಟಗಳ ಅಕ್ಷರ ಉಳಿಯಲಿಲ್ಲ. ಆ ವರ್ಷದ ವಾರ್ಷಿಕೋತ್ಸವಕ್ಕೆ ಬಂದಿದ್ದ ಒಬ್ಬ ಅಜ್ಜ, ತಾನು ಆರನೆಯ ತರಗತಿಯಲ್ಲಿದ್ದಾಗ ಬರೆದ ಪದ್ಯವನ್ನು ಮೊಮ್ಮಗಳಿಗೆ ತೋರಿಸಬೇಕೆಂದು ಆ ಸಂಪುಟವನ್ನೇ ಕೇಳಿದರು. ನಾನು ಅವರ ಮುಂದೆ ಇಟ್ಟದ್ದು ನೀಲಿ ಕಲೆ ಹರಡಿದ ಒಂದು ಖಾಲಿ ಹಾಳೆ.

ಈ ಲೇಖನವನ್ನು ಬರೆಯುತ್ತಿರುವುದು ಆ ಹಾಳೆಯನ್ನು ನೆನೆದು. ಯಂತ್ರದಲ್ಲಿ ನೀರು ಹುಟ್ಟುವುದು ಹೇಗೆ, ಅದು ಹೊರಹೋಗುವ ದಾರಿ ಯಾವುದು, ಆ ದಾರಿ ಎಲ್ಲೆಲ್ಲಿ ಕೆಡುತ್ತದೆ, ಕೆಟ್ಟುದನ್ನು ಕಂಡುಹಿಡಿಯುವ ಕ್ರಮವೇನು ಎಂಬುದನ್ನು ಒಂದೊಂದಾಗಿ ನೋಡೋಣ. ಇದಕ್ಕೆ ಬೇಕಾದ ವಿಜ್ಞಾನವು ಎಂಟನೆಯ ತರಗತಿಯ ಪಾಠವನ್ನು ಮೀರಿದುದಲ್ಲ.

ನೀರು ಎಲ್ಲಿಂದ ಬರುತ್ತದೆ?

ಯಂತ್ರಕ್ಕೆ ನಾವು ನೀರನ್ನು ಹಾಕುವುದಿಲ್ಲ. ಆದರೂ ಅದರ ಕೊಳವೆಯಿಂದ ಗಂಟೆಗೆ ಲೀಟರುಗಟ್ಟಲೆ ನೀರು ಬರುವುದುಂಟು. ಅದು ಕೋಣೆಯ ಗಾಳಿಯಲ್ಲಿದ್ದ ನೀರೇ. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲಿನ ಲೋಟದ ಹೊರಮೈಯಲ್ಲಿ ಹನಿಗಳು ಮೂಡುವುದನ್ನು ನೀವೆಲ್ಲರೂ ನೋಡಿದ್ದೀರಿ. ಲೋಟವು ಸೋರಿತೆಂದು ಯಾರೂ ಹೇಳುವುದಿಲ್ಲ. ಕಣ್ಣಿಗೆ ಕಾಣದ ಆವಿಯು ತಣ್ಣನೆಯ ಮೈಯನ್ನು ಮುಟ್ಟಿ ಹನಿಯಾಯಿತು. ಇದಕ್ಕೆ ಸಾಂದ್ರೀಕರಣವೆಂದು ಹೆಸರು. ಗಾಳಿಯನ್ನು ತಣಿಸುತ್ತಾ ಹೋದಾಗ ಯಾವ ಉಷ್ಣತೆಯಲ್ಲಿ ಆವಿಯು ಹನಿಯಾಗತೊಡಗುವುದೋ ಅದಕ್ಕೆ ಇಬ್ಬನಿ ಬಿಂದು ಎಂದು ಹೆಸರು.

ಹವಾನಿಯಂತ್ರಣ ಯಂತ್ರದ ಒಳಭಾಗದಲ್ಲಿ ತಾಮ್ರದ ಕೊಳವೆಗಳ ಒಂದು ಸುರುಳಿ ಇದೆ. ಅದಕ್ಕೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದಾರೆ. ಯಂತ್ರವು ನಡೆಯುವಾಗ ಈ ಸುರುಳಿಯ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ. ಒಂದು ಫ್ಯಾನು ಕೋಣೆಯ ಗಾಳಿಯನ್ನು ಸೆಳೆದು ಈ ಸುರುಳಿಯ ಮೂಲಕ ಹಾಯಿಸುತ್ತದೆ. ಗಾಳಿ ತಣಿಯುತ್ತದೆ, ಜೊತೆಗೆ ಅದರ ಆವಿಯು ಹಾಳೆಗಳ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಆದುದರಿಂದ ನೀರು ಬರುವುದು ಯಂತ್ರದ ರೋಗವಲ್ಲ, ಅದು ಆರೋಗ್ಯದ ಲಕ್ಷಣ. ನೀರು ಹೊರಗೆ ಹೋಗಬೇಕಾದಲ್ಲಿ ಹೋಗದೆ ಕೋಣೆಯೊಳಗೆ ಬೀಳುವುದೇ ರೋಗ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಬೇಕು. ಈ ಯಂತ್ರವು ಮೊದಲು ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಕಾಗದದ ರಕ್ಷಣೆಗಾಗಿ. 1902ರಲ್ಲಿ ಅಮೇರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯದಲ್ಲಿ ಬಣ್ಣದ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು. ಒಂದೇ ಹಾಳೆಯ ಮೇಲೆ ಬಣ್ಣಗಳನ್ನು ಒಂದಾದ ಮೇಲೊಂದರಂತೆ ಅಚ್ಚೊತ್ತಬೇಕು. ಗಾಳಿಯ ತೇವ ಏರಿದಾಗ ಕಾಗದವು ಹಿಗ್ಗುತ್ತಿತ್ತು, ಇಳಿದಾಗ ಕುಗ್ಗುತ್ತಿತ್ತು. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ತರುಣ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಎಂಬವರು ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿ ಅದರ ತೇವವನ್ನು ಹಿಡಿತದಲ್ಲಿಡುವ ಏರ್ಪಾಡನ್ನು ರೂಪಿಸಿದರು. ಕಾಗದವನ್ನು ತೇವದಿಂದ ಕಾಪಾಡಲೆಂದು ಹುಟ್ಟಿದ ಯಂತ್ರವೇ ನಮ್ಮ ಕಾಗದವನ್ನು ನೆನೆಸಿತು. ತಪ್ಪು ಯಂತ್ರದ್ದಲ್ಲ, ಅದು ಗಾಳಿಯಿಂದ ತೆಗೆದ ನೀರಿಗೆ ದಾರಿ ಕೊಡದ ನಮ್ಮದು.

ಒಂದು ಚಿಕ್ಕ ಲೆಕ್ಕ

ಎಷ್ಟು ನೀರು ಬರಬಹುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 30 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. 10 ಡಿಗ್ರಿಯ ಗಾಳಿಯು ಹಿಡಿದುಕೊಳ್ಳುವುದು ಸುಮಾರು 9 ಗ್ರಾಂ ಮಾತ್ರ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 80 ಇರುವುದು ಸಾಮಾನ್ಯ. ಅಂದರೆ 30 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಂ ನೀರಿದೆ. ಅದನ್ನು 10 ಡಿಗ್ರಿಗೆ ಇಳಿಸಿದರೆ ಸುಮಾರು 15 ಗ್ರಾಂ ಹನಿಯಾಗಿ ಬೀಳಬೇಕು.

ಬಳ್ಳಾರಿ ಅಥವಾ ಸೊಲ್ಲಾಪುರದ ಕಡೆಯ ಏಪ್ರಿಲ್ ತಿಂಗಳ ಮಧ್ಯಾಹ್ನವನ್ನು ಇದರೊಡನೆ ಹೋಲಿಸಿ ನೋಡಿ. ಅಲ್ಲಿ ಉಷ್ಣತೆ 40 ಡಿಗ್ರಿ, ಆರ್ದ್ರತೆ ನೂರಕ್ಕೆ 20 ಎಂದಿಟ್ಟುಕೊಳ್ಳೋಣ. ಆಗ ಒಂದು ಘನ ಮೀಟರಿನಲ್ಲಿರುವುದು ಸುಮಾರು 10 ಗ್ರಾಂ ಮಾತ್ರ. ಅದೇ ಯಂತ್ರದ ಕೊಳವೆಯು ಅಲ್ಲಿ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಘಟ್ಟದ ಆಚೆಯ ನೆಂಟರು ‘ನಮ್ಮಲ್ಲಿ ನೀರೇ ಬರುವುದಿಲ್ಲ’ ಎಂದರೆ ಅವರ ಯಂತ್ರ ಒಳ್ಳೆಯದು, ನಮ್ಮದು ಕೆಟ್ಟದು ಎಂದು ತಿಳಿಯಬೇಕಾಗಿಲ್ಲ.

ಇನ್ನು ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇದೆ. ಘನ ಮೀಟರಿಗೆ 15 ಗ್ರಾಂನಂತೆ ಲೆಕ್ಕ ಹಾಕಿದರೆ 600 ಗ್ರಾಂ ಚಿಲ್ಲರೆ. ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ. ಹಾಗಾದರೆ ರಾತ್ರಿ ಇಟ್ಟ ಬಾಲ್ದಿಯು ಬೆಳಗಾಗುವಾಗ ತುಂಬುವುದು ಹೇಗೆ? ಹೊರಗಿನ ತೇವದ ಗಾಳಿಯು ಬಾಗಿಲಿನ ಸಂದಿಯಿಂದ, ಕಿಟಕಿಯ ಬಿರುಕಿನಿಂದ, ತಾರಸಿಯ ಕೆಳಗಿನ ಗಾಳಿಗಿಂಡಿಯಿಂದ ಸದಾ ಒಳಗೆ ಬರುತ್ತಿರುತ್ತದೆ. ಇದರ ಮೇಲೆ ಮನುಷ್ಯರ ಉಸಿರು ಮತ್ತು ಬೆವರು ಬೇರೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆಂದು ಇಟ್ಟುಕೊಂಡರೆ, ಮೂವತ್ತು ಮಕ್ಕಳಿರುವ ತರಗತಿಯಿಂದ ಗಂಟೆಗೆ ಒಂದೂವರೆ ಲೀಟರ್ ಆಯಿತು. ಈ ಅಂಕೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನೀರಿನ ದಾರಿ

ಸುರುಳಿಯಿಂದ ಇಳಿದ ನೀರು ಅದರ ಕೆಳಗಿರುವ ಉದ್ದನೆಯ ತಟ್ಟೆಯಲ್ಲಿ ಸೇರುತ್ತದೆ. ತಟ್ಟೆಯ ಒಂದು ತುದಿಯಲ್ಲಿ ರಂಧ್ರವಿದೆ. ಅಲ್ಲಿಂದ ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆಯೊಂದು ಗೋಡೆಯ ತೂತಿನ ಮೂಲಕ ಹೊರಗೆ ಹೋಗುತ್ತದೆ. ಗೋಡೆಗೆ ಹಾಕುವ ಸಾಮಾನ್ಯ ಯಂತ್ರಗಳಲ್ಲಿ ಈ ನೀರನ್ನು ದೂಡುವ ಪಂಪು ಇರುವುದಿಲ್ಲ. ನೀರು ತನ್ನ ಭಾರದಿಂದಲೇ ಇಳಿದು ಹೋಗಬೇಕು. ಆದುದರಿಂದ ಇಡೀ ವ್ಯವಸ್ಥೆಯು ನಿಂತಿರುವುದು ಮೂರು ಅಂಶಗಳ ಮೇಲೆ: ತಟ್ಟೆಗೆ ವಾಟ ಇರಬೇಕು, ಕೊಳವೆಗೆ ವಾಟ ಇರಬೇಕು, ಕೊಳವೆ ತೆರೆದಿರಬೇಕು.

ಈ ಮಾತನ್ನು ನಮ್ಮ ನಾಡಿನವರಿಗೆ ಹೇಳಬೇಕಾದ ಅಗತ್ಯವಿಲ್ಲ. ನಮ್ಮ ಹಿರಿಯರು ಗುಡ್ಡದ ಮುರಕಲ್ಲನ್ನು ಕೊರೆದು ಸುರಂಗಗಳನ್ನು ತೋಡಿದರು. ಆ ಸುರಂಗದ ನೆಲವನ್ನು ಬಾಯಿಯ ಕಡೆಗೆ ಅತಿ ಸಣ್ಣದಾಗಿ ಇಳಿಯುವಂತೆ ಕಡಿದುದರಿಂದಲೇ ನೀರು ಯಂತ್ರವಿಲ್ಲದೆ ಹೊರಗೆ ಹರಿದು ಬರುತ್ತದೆ. ಅದನ್ನು ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ಒಯ್ಯುವಾಗಲೂ ಅದೇ ನಿಯಮ. ದಂಬೆಯ ನಡುವೆ ಒಂದು ಕಡೆ ಏರಾದರೆ ಅಲ್ಲಿಯೇ ನೀರು ತುಳುಕುತ್ತದೆ. ಮಳೆ ಹಿಡಿಯುವ ಮೊದಲು ತೋಟದ ಕಣಿಗಳಿಂದ ಸೋಗೆ, ಮಣ್ಣು ತೆಗೆಯದಿದ್ದರೆ ನೀರು ಬುಡದಲ್ಲಿ ನಿಲ್ಲುತ್ತದೆ. ಗೋಡೆಯ ಮೇಲಿನ ಬಿಳಿಯ ಪೆಟ್ಟಿಗೆಯೊಳಗೆ ಇರುವುದೂ ಒಂದು ಚಿಕ್ಕ ಕಣಿಯೇ.

ಪರೀಕ್ಷೆಯ ಕ್ರಮ

ನೀರು ಒಳಗೆ ಸೋರತೊಡಗಿದರೆ ಮೊದಲ ಕೆಲಸ ಯಂತ್ರವನ್ನು ನಿಲ್ಲಿಸುವುದು. ಕೈಯಲ್ಲಿರುವ ರಿಮೋಟಿನಿಂದ ನಿಲ್ಲಿಸಿದರೆ ಸಾಲದು, ಅದರ ಎಂ.ಸಿ.ಬಿ.ಯನ್ನೇ ಇಳಿಸಬೇಕು. ಸೋರಿದ ನೀರು ಗೋಡೆಯ ಗುಂಟ ಪ್ಲಗ್ಗಿಗೂ ಸ್ವಿಚ್ಚುಗಳ ಹಲಗೆಗೂ ಇಳಿಯುವುದುಂಟು. ಅಲ್ಲಿ ತೇವ ಕಂಡರೆ ಒದ್ದೆ ಕೈಯಿಂದಾಗಲಿ, ಒದ್ದೆ ನೆಲದ ಮೇಲೆ ನಿಂತಾಗಲಿ ಮುಟ್ಟದೆ, ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ವಿದ್ಯುತ್ ಕೆಲಸ ತಿಳಿದವರನ್ನು ಕರೆಯತಕ್ಕದ್ದು. ಮಕ್ಕಳು ಈ ಹಂತದಲ್ಲಿ ನೋಡುವವರಾಗಿರಲಿ, ಮಾಡುವವರಾಗಬಾರದು.

ಬಳಿಕ ಕಣ್ಣಿನಿಂದ ಮಾಡುವ ಪರೀಕ್ಷೆ. ನಾನು ಇದನ್ನು ಐದು ಪ್ರಶ್ನೆಗಳಾಗಿ ಹೇಳುತ್ತೇನೆ.

ಮೊದಲನೆಯ ಪ್ರಶ್ನೆ: ಯಂತ್ರ ನಡೆಯುತ್ತಿದ್ದಾಗ ಹೊರಗಿನ ಕೊಳವೆಯ ತುದಿಯಿಂದ ನೀರು ಬೀಳುತ್ತಿತ್ತೇ? ಕೋಣೆ ಚೆನ್ನಾಗಿ ತಂಪಾಗುತ್ತಿದ್ದು, ಹವೆ ತೇವವಾಗಿದ್ದು, ಒಳಗೆ ನೀರು ಸೋರುತ್ತಾ ಹೊರಗೆ ಒಂದು ಹನಿಯೂ ಬೀಳದಿದ್ದರೆ ಕೊಳವೆ ಪೂರ್ತಿ ಕಟ್ಟಿದೆ ಎಂದೇ ತಿಳಿಯಬಹುದು. ಒಳಗೂ ಹೊರಗೂ ಬೀಳುತ್ತಿದ್ದರೆ ಕೊಳವೆ ಅರೆಬರೆ ಕಟ್ಟಿರಬೇಕು, ಇಲ್ಲವೇ ಪೆಟ್ಟಿಗೆ ಓರೆಯಾಗಿರಬೇಕು.

ಕಟ್ಟುವ ವಸ್ತು ಯಾವುದು? ಸುರುಳಿಯಿಂದ ತೊಳೆದು ಬಂದ ಧೂಳು ಸದಾ ತೇವವಾಗಿರುವ ತಟ್ಟೆಯಲ್ಲಿ ಸೇರುತ್ತದೆ. ಅದರ ಮೇಲೆ ಬೂಷ್ಟೂ ಬ್ಯಾಕ್ಟೀರಿಯಗಳೂ ಬೆಳೆದು ಒಂದು ಬಗೆಯ ಲೋಳೆ ಉಂಟಾಗುತ್ತದೆ. ಅದು ಕೊಳವೆಗೆ ಇಳಿದು ಬಾಗಿದ ಕಡೆ ನಿಲ್ಲುತ್ತದೆ. ಹೊರಗಿನ ತುದಿಯಲ್ಲಿ ಇರುವೆಗಳು, ಜೇಡಗಳು, ಮಣ್ಣಿನ ಗೂಡು ಕಟ್ಟುವ ಕಣಜಗಳು ಮನೆ ಮಾಡುತ್ತವೆ. ಬೇಸಗೆ ಮುಗಿದು ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಯಂತ್ರದ ಒಣಗಿದ ಕೊಳವೆಯು ಕಣಜಕ್ಕೆ ಬಲು ಇಷ್ಟ.

ಎರಡನೆಯ ಪ್ರಶ್ನೆ: ಗಾಳಿ ಮೊದಲಿನಂತೆ ಬರುತ್ತಿದೆಯೇ? ಮುಂಭಾಗದ ಮುಚ್ಚಳವನ್ನು ಎತ್ತಿದರೆ ಫಿಲ್ಟರ್ ಎಂದು ಕರೆಯುವ ಜಾಲರಿ ಇದೆ. ಅದರಲ್ಲಿ ಧೂಳು ತುಂಬಿದರೆ ಸುರುಳಿಗೆ ಸಾಕಷ್ಟು ಬೆಚ್ಚನೆಯ ಗಾಳಿ ಸಿಗುವುದಿಲ್ಲ. ಆಗ ಅದರ ಉಷ್ಣತೆಯು ಸೊನ್ನೆಗಿಂತಲೂ ಕೆಳಗಿಳಿದು ಹನಿಗಳು ಮಂಜುಗಡ್ಡೆಯಾಗುತ್ತವೆ. ಯಂತ್ರವನ್ನು ನಿಲ್ಲಿಸಿದಾಗ ಆ ಮಂಜುಗಡ್ಡೆ ಒಮ್ಮೆಲೇ ಕರಗಿ ತಟ್ಟೆಯನ್ನು ಮೀರಿ ಸುರಿಯುತ್ತದೆ. ‘ನಡೆಯುವಾಗ ಸೋರುವುದಿಲ್ಲ, ನಿಲ್ಲಿಸಿದ ಮೇಲೆ ಸೋರುತ್ತದೆ’ ಎಂಬ ದೂರಿನ ಕಾರಣ ಹಲವು ಸಲ ಇದೇ. ಜಾಲರಿಯನ್ನು ತೆಗೆದು ನಲ್ಲಿಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಗಡ್ಡೆಯನ್ನು ಚೂರಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಕೆತ್ತಬಾರದು, ತಾನಾಗಿ ಕರಗಲಿ. ಜಾಲರಿ ಶುದ್ಧವಾಗಿದ್ದರೂ ಮತ್ತೆ ಮಂಜುಗಡ್ಡೆ ಕಟ್ಟಿದರೆ, ಕೋಣೆ ಮೊದಲಿನಷ್ಟು ತಂಪಾಗದಿದ್ದರೆ, ಸುರುಳಿಯೊಳಗಿನ ಅನಿಲ ಕಡಿಮೆಯಾಗಿರಬಹುದು, ಇಲ್ಲವೇ ಸುರುಳಿಯೇ ಕೊಳೆಯಿಂದ ಮುಚ್ಚಿರಬಹುದು. ಅದು ಮೆಕ್ಯಾನಿಕರ ಕೆಲಸ.

ಮೂರನೆಯ ಪ್ರಶ್ನೆ: ಪೆಟ್ಟಿಗೆ ಯಾವ ಕಡೆಗೆ ವಾಲಿದೆ? ಪೆಟ್ಟಿಗೆಯ ಮೇಲೆ ರಸಮಟ್ಟವನ್ನಿಟ್ಟು ನೋಡಬೇಕು. ಅದು ಸಮವಾಗಿರಬೇಕು, ಇಲ್ಲವೇ ಕೊಳವೆ ಇರುವ ತುದಿಗೆ ತುಸು ಇಳಿದಿರಬೇಕು. ಎದುರು ತುದಿಗೆ ಇಳಿದಿದ್ದರೆ ತಟ್ಟೆಯ ನೀರು ರಂಧ್ರದ ಕಡೆಗೆ ಹೋಗದೆ ಆ ತುದಿಯಲ್ಲಿ ತುಂಬಿ ಗೋಡೆಗೆ ಇಳಿಯುತ್ತದೆ. ಹೊಸದಾಗಿ ಹಾಕಿಸಿದ ಯಂತ್ರವು ಮೊದಲ ವಾರದಲ್ಲಿಯೇ ಸೋರಿದರೆ ಕಸವನ್ನು ಹುಡುಕುವ ಮೊದಲು ಮಟ್ಟವನ್ನು ನೋಡಿರಿ. ಕಿಟಕಿಗೆ ಹಾಕುವ ಒಂದೇ ಪೆಟ್ಟಿಗೆಯ ಯಂತ್ರವಾದರೆ ಅದು ಹೊರಗಿನ ಕಡೆಗೆ ಸ್ವಲ್ಪ ವಾಲಿರಬೇಕು. ಅಂತಹ ಯಂತ್ರಗಳ ಹಲವು ಮಾದರಿಗಳಲ್ಲಿ ಹಿಂದಿನ ಫ್ಯಾನು ತಳದ ನೀರನ್ನೇ ಎರಚಿ ಬಿಸಿ ಸುರುಳಿಯನ್ನು ತಣಿಸುತ್ತದೆ; ಹಿಂದಿನಿಂದ ಕೇಳುವ ನೀರಿನ ಸದ್ದಿಗೆ ಹೆದರಬೇಕಾಗಿಲ್ಲ.

ನಾಲ್ಕನೆಯ ಪ್ರಶ್ನೆ: ಕೊಳವೆಯ ಗತಿ ಹೇಗಿದೆ? ಪೆಟ್ಟಿಗೆಯಿಂದ ತುದಿಯವರೆಗೂ ಅದು ಇಳಿಯುತ್ತಲೇ ಹೋಗಬೇಕು. ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿತವಿರಬೇಕು. ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಗೋಡೆಯ ತೂತು ಹೊರಗಿನ ಕಡೆಗೆ ತಗ್ಗಾಗಿರಬೇಕು. ಕೊಳವೆಯು ಉಯ್ಯಾಲೆಯಂತೆ ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು ಲೋಳೆ ಬೆಳೆಯುತ್ತದೆ. ತುದಿಯನ್ನು ಬಾಲ್ದಿಯ ನೀರಿನೊಳಗೆ ಮುಳುಗುವಂತೆ ಬಿಡುವುದೂ ತಪ್ಪು. ಕೊಳವೆಯೊಳಗಿನ ಗಾಳಿಗೆ ಹೊರಹೋಗುವ ದಾರಿಯಿಲ್ಲದೆ ಮೇಲಿನಿಂದ ಬರುವ ನೀರು ತಡೆದು ನಿಲ್ಲುತ್ತದೆ. ತುದಿಯು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ.

ಐದನೆಯ ಪ್ರಶ್ನೆ: ಅದು ನಿಜವಾಗಿ ಸೋರಿಕೆಯೇ, ಬೆವರೇ? ತಣ್ಣನೆಯ ತಾಮ್ರದ ಕೊಳವೆಗಳ ಮೇಲೆ ಸುತ್ತಿದ ರಬ್ಬರಿನಂತಹ ಹೊದಿಕೆಯು ಹರಿದಿದ್ದರೆ, ಅಥವಾ ನೀರಿನ ಕೊಳವೆಯು ಕೋಣೆಯೊಳಗೆ ಬರಿದಾಗಿ ಹಾದುಹೋಗಿದ್ದರೆ, ಅದರ ಹೊರಮೈಯೇ ಮಜ್ಜಿಗೆಯ ಲೋಟದಂತೆ ಬೆವರುತ್ತದೆ. ಒಣ ಬಟ್ಟೆಯಿಂದ ಕೊಳವೆಯನ್ನು ಒರೆಸಿ ಹತ್ತು ನಿಮಿಷ ಕಾಯಿರಿ. ಉದ್ದಕ್ಕೂ ಸಣ್ಣ ಹನಿಗಳು ಮೂಡಿದರೆ ಬೆವರು. ಒಂದೇ ಕಡೆಯಿಂದ ನೀರು ಇಳಿದರೆ ಬಿರುಕು. ಬೆವರಿಗೆ ಮದ್ದು ಹೊಸ ಹೊದಿಕೆ ಮಾತ್ರ.

ಕಟ್ಟಿದ ಕೊಳವೆಯನ್ನು ಬಿಡಿಸುವುದು

ಹೊರಗಿನ ತುದಿಯ ಕಸವನ್ನು ಕೈಯಿಂದ ತೆಗೆಯಬೇಕು. ನೀರನ್ನೂ ಹೀರಬಲ್ಲ ವ್ಯಾಕ್ಯೂಮ್ ಕ್ಲೀನರ್ ದೊರೆತರೆ ಅದರ ಬಾಯಿಯನ್ನು ಕೊಳವೆಯ ತುದಿಗೆ ಹಿಡಿದು, ಸಂದಿಗೆ ಹಳೆಯ ಬಟ್ಟೆ ಸುತ್ತಿ ಒಂದೆರಡು ನಿಮಿಷ ಎಳೆಯಬೇಕು. ಹೊರಗಿನಿಂದ ಊದುವುದಕ್ಕಿಂತ ಎಳೆಯುವುದೇ ಮೇಲು. ಊದಿದರೆ ಲೋಳೆಯು ತಿರುಗಿ ತಟ್ಟೆಗೂ ಕೋಣೆಗೂ ಹಾರುತ್ತದೆ. ಬಾಯಿಯಿಂದ ಎಳೆಯುವ ಸಾಹಸವನ್ನು ಯಾರೂ ಮಾಡಬಾರದು. ಗಟ್ಟಿಯಾದ ತಂತಿಯನ್ನು ದೂಡಬಾರದು. ತೆಳ್ಳಗಿನ ಕೊಳವೆಯು ಗೋಡೆಯೊಳಗೆ ತೂತಾದರೆ ಮುಂದಿನ ಸೋರಿಕೆ ಕಣ್ಣಿಗೇ ಕಾಣದು. ಕುದಿಯುವ ನೀರು, ಶೌಚಾಲಯಕ್ಕೆ ಹಾಕುವ ಆಮ್ಲ, ಬ್ಲೀಚಿಂಗ್ ದ್ರಾವಣ ಇವುಗಳಿಂದ ಕೊಳವೆಗೂ ಅಲ್ಯೂಮಿನಿಯಂ ಹಾಳೆಗಳಿಗೂ ಕೇಡು. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಬೆರೆಸಿ ನಿಧಾನವಾಗಿ ತಟ್ಟೆಗೆ ಹೊಯ್ದರೆ ಸಾಕು. ತಟ್ಟೆ ಎಲ್ಲಿದೆಯೆಂದು ತಿಳಿಯದಿದ್ದರೆ ಅಥವಾ ಕೈಗೆ ಎಟುಕದಿದ್ದರೆ ಬಲ್ಲವರಿಂದ ಮಾಡಿಸಬೇಕು; ವಿದ್ಯುತ್ ಭಾಗಗಳು ಅದರ ಸಮೀಪದಲ್ಲಿಯೇ ಇರುತ್ತವೆ.

ಕೆಲಸ ಸರಿಯಾಯಿತೇ ಎಂಬುದಕ್ಕೆ ಪ್ರಯೋಗಶಾಲೆಯ ಅಳತೆಯ ಜಾಡಿಯೇ ಸಾಕ್ಷಿ. ಒಂದು ಲೀಟರ್ ನೀರನ್ನು ನಿಧಾನವಾಗಿ ತಟ್ಟೆಗೆ ಹೊಯ್ದು, ಹೊರಗಿನ ತುದಿಯಲ್ಲಿ ಹಿಡಿದು ಅಳೆಯಿರಿ. ಹೆಚ್ಚುಕಡಿಮೆ ಒಂದು ಲೀಟರೇ ಬಂದರೆ ದಾರಿ ಸರಿಯಾಗಿದೆ. ಮುಕ್ಕಾಲು ಲೀಟರ್ ಬಂದರೆ ಉಳಿದ ಕಾಲು ಲೀಟರ್ ಎಲ್ಲಿ ಹೋಯಿತೆಂದು ಹುಡುಕಬೇಕು. ಹೊಯ್ದ ನೀರು ಎಲ್ಲಿಯೂ ಮಾಯವಾಗುವುದಿಲ್ಲ.

ನಮ್ಮ ಶಾಲೆಯಲ್ಲಿ ಆದುದು

ಕಪಾಟು ನೆನೆದ ಬಳಿಕ ನಾವು ಪೇಟೆಯಿಂದ ಒಬ್ಬ ಮೆಕ್ಯಾನಿಕರನ್ನು ಕರೆಸಿದೆವು. ಅವರು ಅನಿಲ ಕಡಿಮೆಯಾಗಿದೆಯೆಂದು ಹೇಳಿ ತುಂಬಿಸಿದರು, ಹಣವನ್ನೂ ಪಡೆದರು. ಮೂರು ದಿನಗಳ ಬಳಿಕ ಮತ್ತೆ ಗೋಡೆ ಒದ್ದೆಯಾಯಿತು. ನನಗೆ ಆಗ ತಿಳಿಯದೆ ಇದ್ದ ಒಂದು ವಿಷಯವನ್ನು ಹೆತ್ತವರು ಗಮನಿಸಬೇಕು. ಯಂತ್ರದ ಅನಿಲವು ದೀಪದ ಎಣ್ಣೆಯಂತೆ ಉರಿದು ಮುಗಿಯುವುದಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು; ಸೋರಿದ ಜಾಗವನ್ನು ತೋರಿಸಿ, ಮುಚ್ಚಿ, ಅನಂತರವೇ ತುಂಬಿಸಬೇಕು. ನಮ್ಮ ಕೊಠಡಿಯಂತೂ ಚೆನ್ನಾಗಿಯೇ ತಂಪಾಗುತ್ತಿತ್ತು. ಸುರುಳಿಯಲ್ಲಿ ಮಂಜುಗಡ್ಡೆಯೂ ಇರಲಿಲ್ಲ. ಅನಿಲವನ್ನು ಶಂಕಿಸಲು ಕಾರಣವೇ ಇರಲಿಲ್ಲ.

ಆಗ ಹತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಒಂದು ವಾರ ದಿನಚರಿ ಬರೆದಿಟ್ಟರು. ಯಾವ ಗಂಟೆಯಲ್ಲಿ ಯಾವ ತರಗತಿ ಕೊಠಡಿಯಲ್ಲಿತ್ತು, ಗೋಡೆ ಯಾವಾಗ ಒದ್ದೆಯಾಯಿತು ಎಂಬುದಷ್ಟೇ. ಬೆಳಗ್ಗೆ ಇಬ್ಬರು ಮೂವರು ಅಧ್ಯಾಪಕರು ಕೆಲಸ ಮಾಡುವಾಗ ಗೋಡೆ ಒಣಗಿರುತ್ತಿತ್ತು. ಮೂವತ್ತು ಮಕ್ಕಳು ಕುಳಿತ ಪಾಠದ ಕೊನೆಗೆ ತೇವ ಕಾಣಿಸುತ್ತಿತ್ತು. ಹೊರಗಿನ ಕೊಳವೆಯಿಂದ ಎರಡು ಹೊತ್ತಿನಲ್ಲಿಯೂ ಹನಿಗಳು ಒಂದೇ ವೇಗದಲ್ಲಿ ಬೀಳುತ್ತಿದ್ದವು. ಮೇಲಿನ ಲೆಕ್ಕವನ್ನು ನೆನೆಯಿರಿ. ಗಂಟೆಗೆ ಒಂದೂವರೆ ಲೀಟರ್ ನೀರು ಹೆಚ್ಚಾದರೂ ಹೊರಗೆ ಬೀಳುವ ಹನಿ ಹೆಚ್ಚಾಗಲಿಲ್ಲ. ‘ಸರ್, ಕೊಳವೆ ಅಷ್ಟನ್ನೇ ಬಿಡುತ್ತದೆ, ಉಳಿದದ್ದು ಒಳಗೆ ಬರುತ್ತದೆ’ ಎಂದು ಅವರಲ್ಲೊಬ್ಬಳು ಹೇಳಿದಳು. ಕೊಳವೆ ಅರ್ಧ ಕಟ್ಟಿದೆಯೆಂಬ ತೀರ್ಮಾನಕ್ಕೆ ಅವರು ಪೆಟ್ಟಿಗೆಯನ್ನು ಮುಟ್ಟದೆಯೇ ಬಂದಿದ್ದರು.

ತುದಿಯನ್ನು ಬಿಚ್ಚಿ ನೋಡಿದಾಗ ಕಣಜದ ಮಣ್ಣಿನ ಗೂಡು ಮುಕ್ಕಾಲು ಬಾಯಿಯನ್ನು ಮುಚ್ಚಿತ್ತು. ಅದರ ಹಿಂದೆ ಒಂದು ಹಿಡಿ ಲೋಳೆ. ಏಳನೆಯ ತರಗತಿಯ ಬಾಲಕಿಯೊಬ್ಬಳ ತಂದೆಯವರು ಕಟ್ಟಡದ ಮೇಸ್ತ್ರಿಗಳು. ಅವರು ತಮ್ಮ ರಸಮಟ್ಟವನ್ನು ತಂದು ಪೆಟ್ಟಿಗೆಯ ಮೇಲಿಟ್ಟು, ‘ಇದಕ್ಕೆ ವಾಟವೇ ತಿರುಗಿದೆಯಲ್ಲ ಮಾಷ್ಟ್ರೇ’ ಎಂದರು. ಕೊಳವೆ ಬಲಗಡೆ ಇದ್ದರೆ ಪೆಟ್ಟಿಗೆಯು ಅರ್ಧ ಬೆರಳಿನಷ್ಟು ಎಡಕ್ಕೆ ಇಳಿದಿತ್ತು. ಆ ಎಡ ತುದಿಯ ಕೆಳಗೆಯೇ ನಮ್ಮ ಕಪಾಟು. ಕೊಳವೆ ತೆರೆದಿದ್ದಷ್ಟು ಕಾಲ ಈ ದೋಷ ಬೆಳಕಿಗೆ ಬಂದಿರಲಿಲ್ಲ. ಕೊಳವೆ ಕಟ್ಟಿದಾಗ ನೀರು ಎಡಕ್ಕೆ ತುಂಬಿತು. ಒಂದು ತಪ್ಪನ್ನು ಕಂಡ ಕೂಡಲೇ ಹುಡುಕುವುದನ್ನು ನಿಲ್ಲಿಸಬಾರದೆಂಬ ಪಾಠವನ್ನು ಆ ದಿನ ಕಲಿತೆನು. ಎರಡನ್ನೂ ಸರಿಪಡಿಸಲು ತಗಲಿದ ವೆಚ್ಚವು ಅನಿಲಕ್ಕೆ ಕೊಟ್ಟ ಹಣದ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಹೊರಗೆ ಬಂದ ನೀರು

ದಾರಿ ಸರಿಯಾದ ಮೇಲೂ ಒಂದು ಕರ್ತವ್ಯ ಉಳಿಯುತ್ತದೆ. ಹೊರಗೆ ಬಿದ್ದ ನೀರು ಹೂವಿನ ಕುಂಡದ ತಟ್ಟೆಯಲ್ಲಿ, ತೆಂಗಿನ ಕರಟದಲ್ಲಿ, ಮರೆತ ಬಾಲ್ದಿಯಲ್ಲಿ ನಿಂತರೆ ಅದು ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಆ ಸೊಳ್ಳೆಗೆ ಬೇಕಾದುದು ಕೊಚ್ಚೆಯಲ್ಲ, ಇಂತಹ ತಿಳಿನೀರೇ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆಯಾದರೂ ಪಾತ್ರೆಗಳನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕು. ನೆಲಕ್ಕೆ ಬೀಳುವ ನೀರಿಗೆ ಗಿಡದ ಬುಡದವರೆಗೆ ಕಣಿ ತೋಡಬೇಕು.

ಈ ನೀರು ನೋಡಲು ಮಳೆನೀರಿನಂತೆ ತಿಳಿಯಾಗಿದ್ದರೂ ಕುಡಿಯಲು ಯೋಗ್ಯವಲ್ಲ. ಧೂಳೂ ಲೋಳೆಯೂ ಇರುವ ಲೋಹದ ಹಾಳೆಗಳ ಮೇಲೆ ಹರಿದು ಬಂದುದು. ಇನ್ವರ್ಟರಿನ ಬ್ಯಾಟರಿಗೆ ಹಾಕುವ ಅಭ್ಯಾಸ ಕೆಲವರಲ್ಲುಂಟು; ಬ್ಯಾಟರಿಗೆ ಅದಕ್ಕೆಂದೇ ಮಾರುವ ಶುದ್ಧ ನೀರನ್ನೇ ಹಾಕಬೇಕು. ನೆಲ ಒರೆಸಲು, ಮಲ್ಲಿಗೆ ಬುಡಕ್ಕೆ ಹೊಯ್ಯಲು ಇದು ಧಾರಾಳವಾಗಿ ಸಾಕು. ಮಾರ್ಚ್‌, ಏಪ್ರಿಲ್ ತಿಂಗಳುಗಳಲ್ಲಿ ಬಾವಿ ಬತ್ತುವ ಮನೆಗಳಿಗೆ ದಿನಕ್ಕೆ ಒಂದು ಬಾಲ್ದಿಯೂ ಅಲ್ಪವಲ್ಲ.

ಕೊನೆಯದಾಗಿ ಕಾಲದ ಮಾತು. ಬೇಸಗೆಯಲ್ಲಿ ಫಿಲ್ಟರಿನ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ. ಕೊಳವೆಯ ತುದಿಯನ್ನು ಬಿಸು ಹಬ್ಬಕ್ಕೆ ಮೊದಲೊಮ್ಮೆ, ಪತ್ತನಾಜೆ ಕಳೆದು ಮಳೆ ಹಿಡಿಯುವ ಮುನ್ನ ಇನ್ನೊಮ್ಮೆ ನೋಡಿರಿ. ತೋಟದ ಕಣಿಯನ್ನು ಬಿಡಿಸುವ ದಿನವೇ ಇದನ್ನೂ ಮಾಡಿದರೆ ಮರೆಯುವುದಿಲ್ಲ. ಯಂತ್ರದ ಕೆಳಗೆ ಪುಸ್ತಕವನ್ನಾಗಲಿ, ಮಂಚವನ್ನಾಗಲಿ, ವಿದ್ಯುತ್ ಹಲಗೆಯನ್ನಾಗಲಿ ಇಡಬೇಡಿರಿ.

ನಮ್ಮ ಕಪಾಟನ್ನು ಈಗ ಎದುರು ಗೋಡೆಗೆ ಸರಿಸಿದ್ದೇವೆ. ಉಳಿದ ಸಂಪುಟಗಳ ಎಲ್ಲ ಪುಟಗಳನ್ನು ವಿದ್ಯಾರ್ಥಿಗಳು ಛಾಯಾಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇರಿಸುತ್ತಿದ್ದಾರೆ. 1961ರ ಆ ಪುಟದ ಪದ್ಯದಲ್ಲಿ ಎಂಟು ಸಾಲುಗಳು ಅಜ್ಜನಿಗೆ ಇನ್ನೂ ನೆನಪಿದ್ದುವು. ಮೊಮ್ಮಗಳು ಅವನ್ನು ಕೇಳಿ ಬರೆದುಕೊಂಡು ಬಂದು ನಮಗೆ ಕೊಟ್ಟಿದ್ದಾಳೆ. ಉಳಿದ ಸಾಲುಗಳು ಹೋದುವು.